ಲಗ್ನಪತ್ರಿಕೆ ಮಡಚುವ ಕಾಕು

ಇಡೀ ಬಿಲ್ಡಿಂಗಿಗೆ ಚಿಕ್ಕಮ್ಮನಂತಿದ್ದ ಕಾಕು ತೀರಿಕೊಂಡ ಮೇಲೆ ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಒಂದು ಶೋಕಸಭೆ ಆಯಿತು. ಫೋಟೋಕ್ಕೆ ಹಾರ ಹಾಕಿದ್ದರು. ಚೇರ್ಮನ್ನರು ಎದ್ದು ನಿಂತು ಮರಾಠಿಯಲ್ಲಿ, ಕಾಕು ಬಹಳ ಶಾಂತ ಸ್ವಭಾವದವರು, ಯಾರಿಗೂ ಒಂದು ಮಾತು ಅಂದವರಲ್ಲ ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಪಕ್ಕದವರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಯಾಕೆಂದರೆ ಇದೇ ಚೇರ್ಮನ್ನರು ಇದೇ ಹಾಲ್‌ನಲ್ಲಿ ಗಣಪತಿ ಪ್ರಸಾದವನ್ನು ನ್ಯೂಸ್‌ಪೇಪರ್ ತುಂಡಿನಲ್ಲಿ ಹಂಚಿದ್ದಕ್ಕೆ ಕಾಕು ಎಲ್ಲರೆದುರು ಅವರ ನೀರಿಳಿಸಿದ್ದರು. ಮರಾಠಿಯಲ್ಲಿ ಶುರುವಾದ ಬೈಗುಳ ಸಿಟ್ಟು ಏರಿದ ಹಾಗೆ ಕನ್ನಡಕ್ಕೆ ಬಂದಿತ್ತು. "ಆ ಶಾಯಿ ತಿಂದು ನೀವು ಸಾಯ್ರಿ, ನಮ್ಮ ಹುಡುಗೂರಿಗೆ ಯಾಕ ತಿನಸ್ತೀರಿ?" ಎಂದದ್ದು ಅವರಿಗೆ ತಿಳಿಯಲಿಲ್ಲವಾದರೂ ತಲೆ ಮಾತ್ರ ತಗ್ಗಿಸಿದ್ದರು.

ಸತ್ತವರ ಬಗ್ಗೆ ಒಳ್ಳೆಯ ಸುಳ್ಳು ಹೇಳುವುದು ಒಂದು ಪದ್ಧತಿ, ಇರಲಿ. ಆದರೆ ಕಾಕು ಅವರಂಥವರನ್ನು ಶಾಂತ ಅಂದುಬಿಟ್ಟರೆ ಇನ್ನು ಅವರದು ಅಂತ ಉಳಿಯುವುದೇನು? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ "ನಿನಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನು?" ಅನ್ನುತ್ತಿದ್ದರು, ಖಂಡಿತ.

ಊರು ಗದಗಿನ ಕಡೆ. ಯಜಮಾನರು ಪುಣೆಯ ಬಟ್ಟೆ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರಾಗಿ ಬಂದವರು, ಇಲ್ಲಿಯೇ ತೀರಿಕೊಂಡರು. ನಾನು ಮದುವೆಯಾಗಿ ಬಾಗಲಕೋಟೆಯಿಂದ ಬಿಬವೇವಾಡಿಯ ಈ ಬಿಲ್ಡಿಂಗಿಗೆ ಬರುವ ಹೊತ್ತಿಗೆ ಕಾಕು ಮೂರನೇ ಮಹಡಿಯಲ್ಲಿ ಮಗ, ಸೊಸೆಯ ಜೊತೆ ಇದ್ದರು. ಮಗ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ತಳೇಗಾಂವಕ್ಕೆ ಹೋಗುವವನು. ಸೊಸೆಗೆ ಬ್ಯಾಂಕಿನ ಕೆಲಸ. ಹಗಲಿಡೀ ಮನೆ ಕಾಕು ಅವರದು, ಮತ್ತು ಅವರ ಕಾಗದಗಳದ್ದು.

ನನಗೂ ಅವರಿಗೂ ಪರಿಚಯವಾದದ್ದು ನನ್ನ ಮಗಳ ಮೊದಲ ಹುಟ್ಟುಹಬ್ಬದ ದಿನ. ತಿಂಡಿ ಕೊಡುವುದಕ್ಕೆ ಅಂತ ನಾನು ಥರ್ಮಾಕೋಲ್ ಪ್ಲೇಟುಗಳನ್ನು ತಂದು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದೆ. ಕಾಕು ಕರೆಯದೆ ಒಳಗೆ ಬಂದರು, ಒಂದು ಪ್ಲೇಟನ್ನು ಬೆರಳಿಂದ ತಟ್ಟಿ ನೋಡಿದರು.

"ಏನಿದು?"

"ಪ್ಲೇಟ್ ರೀ ಕಾಕು."

"ಪ್ಲೇಟ್ ಅನ್ನೂದು ಗೊತ್ತಾತು. ಮನಿಗೆ ಫ್ರಿಜ್ ಬಂದಾಗ ಸುತ್ತಲೂ ಇಟ್ಟಿರ್ತಾರಲ್ಲಾ, ಅದನ್ನ ಕೊಯ್ದು ಇಟ್ಟೀಯೇನು?"

ಅವರು ಹೋಗಿ ಒಂದು ಸೀರೆ ಡಬ್ಬಿಯ ತುಂಬ ಕಾಗದದ ಡಿಶ್ಶುಗಳನ್ನು ತಂದು ಸುರಿದರು. ಕೆಂಪು, ಹಳದಿ, ನೀಲಿ. ಕೆಲವು ನಕ್ಷತ್ರದ ಆಕಾರದವು, ಮೂಲೆಗಳು ಹೂವಿನ ಎಸಳಿನ ಹಾಗೆ ಹೊರಗೆ ಬಾಗಿದ್ದವು. ಕೆಲವು ದೋಣಿಯಂತೆ ಉದ್ದ. ಎಲ್ಲಕ್ಕೂ ಬಂಗಾರದ ಬಣ್ಣದ ಅಂಚು. ಒಳಗೆ ಅಳತೆಗೆ ಕತ್ತರಿಸಿದ ಬಟರ್ ಪೇಪರ್. ನನ್ನ ಪ್ಲೇಟುಗಳನ್ನು ಎತ್ತಿ ಕಪಾಟಿನ ಮೇಲೆ ಹಾಕಿ, "ಅವಲಕ್ಕಿ ಚೂಡಾಕ್ಕ ಆಳ ಇರೋದು ತಗೋ, ಕರ್ಚಿಕಾಯಿಗೆ ಉದ್ದಂದು, ಚಟ್ನಿ ಗಿಟ್ನಿ ಇದರಾಗ ಹಾಕಿದ್ಯೋ ನೋಡು ಮತ್ತ" ಎಂದು ಎಚ್ಚರಿಕೆ ಕೊಟ್ಟು ಹೋದರು. ಆವತ್ತು ಬಂದವರೆಲ್ಲ ಕೇಕಿಗಿಂತ ಡಿಶ್ಶಿನ ಬಗ್ಗೆಯೇ ಹೆಚ್ಚು ಮಾತಾಡಿದರು. ನನಗೆ ಒಳಗೊಳಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಕೇಕು ನಾನು ಮಾಡಿದ್ದಲ್ಲವೆ.

ಆ ಕಾಗದವೆಲ್ಲ ಲಗ್ನಪತ್ರಿಕೆಗಳದ್ದು. ಲಗ್ನಪತ್ರಿಕೆಯ ಸಂಕಟ ಎಲ್ಲರ ಮನೆಯದೂ ಹೌದು. ಮದುವೆ ಮುಗಿದರೂ ಪತ್ರಿಕೆಯನ್ನು ಎಸೆಯಲು ಕೈ ಬರುವುದಿಲ್ಲ. ಮೇಲೆ ಗಣಪತಿ ಇರುತ್ತಾನೆ, ಕುಲದೇವರ ಹೆಸರಿರುತ್ತದೆ, ಹೋಗಲಿ ಎಂದರೆ ಅಷ್ಟು ದಪ್ಪ ಕಾಗದ. ಟಿವಿ ಸ್ಟ್ಯಾಂಡಿನ ಕೆಳಗೆ ಧೂಳು ತಿನ್ನುತ್ತ ಬಿದ್ದಿರುತ್ತವೆ. ಕಾಕು ಮನೆಮನೆಗೆ ಹೋಗಿ ಅವನ್ನು ಎತ್ತಿಕೊಂಡು ಬರುತ್ತಿದ್ದರು. ಗಣಪತಿಯನ್ನೂ ದೇವರ ಹೆಸರನ್ನೂ ಮೊದಲು ಕತ್ತರಿಸಿ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕುವುದು, ಅನಂತ ಚತುರ್ದಶಿಯ ದಿನ ಸೊಸೈಟಿಯ ಗಣಪತಿಯ ಜೊತೆ ನೀರಿಗೆ ಬಿಡುವುದು. ಉಳಿದ ಕಾಗದ ಡಿಶ್ಶಿಗೆ.

ಅಡುಗೆಮನೆಯ ಕಿಟಕಿಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದರು. ಮುಂದೆ ಒಂದು ಕಟ್ಟಿಗೆಯ ಮಣೆ, ಕೈಯಲ್ಲಿ ಒಂದು ಸ್ಟೀಲ್ ಚಮಚ. ಮಡಿಕೆ ಹಾಕಿದ ಮೇಲೆ ಚಮಚದ ಬೆನ್ನಿನಿಂದ ಒಮ್ಮೆ ಜೋರಾಗಿ ಎಳೆದರೆ ಗೆರೆ ಕೂಡುತ್ತಿತ್ತು. ದಪ್ಪ ಕಾಗದ ಹಟಮಾರಿ, ಬೆರಳಿಗೆ ಬಗ್ಗುವುದಿಲ್ಲ. ಮಡಚುವಾಗ ಮಾತ್ರ ಕಾಕು ಅವರ ಬಾಯಿ ಮುಚ್ಚಿರುತ್ತಿತ್ತು. ಬಹುಶಃ ಚೇರ್ಮನ್ನರು ಅವರನ್ನು ಆ ಹೊತ್ತಿನಲ್ಲಿ ನೋಡಿರಬೇಕು.

ಒಮ್ಮೆ ನಮ್ಮ ಹಾಲ್‌ನಲ್ಲಿ ಒಬ್ಬ ಹುಡುಗಿ ಬಂದು ಹೆಂಗಸರಿಗೆಲ್ಲ ಓರಿಗಾಮಿ ಕಲಿಸಿದಳು. ಪಾಪ, ಚೆನ್ನಾಗಿ ಕಲಿಸಿದಳು. ಒಂದು ಹಂಸ ಮಾಡಿ ಅಂಗೈ ಮೇಲೆ ನಿಲ್ಲಿಸಿ ತೋರಿಸಿದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಕಾಕು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಭಾಳ ಛಂದ ಅದವಾ. ಆದ್ರ ಇದರಾಗ ಏನ್ ಹಾಕೋದು?" ಎಂದರು. ನಾನು ಅದನ್ನು ಮರಾಠಿ ಮಾಡಿ ಹೇಳಿದೆ. ಏನೂ ಹಾಕುವುದಲ್ಲ ಕಾಕು, ಇದು ಶೋಭೆಗೆ ಇಡುವುದು ಎಂದಳು ಹುಡುಗಿ. ಕಾಕು ಹಂಸವನ್ನು ಮೆಲ್ಲಗೆ ಕೆಳಗಿಟ್ಟರು. ಮೆಟ್ಟಿಲು ಹತ್ತುವಾಗ ನನಗೆ, "ಬರೇ ನೋಡೂದಕ್ಕ ಇದ್ರ ನನ್ನ ಕೈ ಯಾಕೋ ಮುಂದ ಹೋಗೂದಿಲ್ಲ ನೋಡು ತಂಗಿ. ಯಾರರ ತಿನ್ನಬೇಕು" ಎಂದರು.

ಅವರ ದೊಡ್ಡ ಸಂಭ್ರಮ ಎಂದರೆ ತಿಂದಾದ ಮೇಲೆ ಜನ ಡಿಶ್ಶು ಬಿಚ್ಚಿ ನೋಡುವುದು. "ಬಿಚ್ಚಿ ನೋಡ್ರಿ, ಬಿಚ್ಚಿ ನೋಡ್ರಿ. ಅಂಟಿಲ್ಲ, ಪಿನ್ನಿಲ್ಲ, ಒಂದ ಹಾಳಿ ಅದು" ಎಂದು ತಾವೇ ಹುರಿದುಂಬಿಸುತ್ತಿದ್ದರು. ಬಿಚ್ಚಿದರೆ ಒಳಮೈಯಲ್ಲಿ ಯಾರದೋ ಮದುವೆಯ ಸಾಲುಗಳು ಕಾಣುತ್ತಿದ್ದವು. ಅಯ್ಯೋ ಇದು ನಮ್ಮ ಮಾವಶಿಯ ಮಗನದಲ್ಲವೇನ್ರಿ ಅಂತ ಯಾರಾದರೂ ನಗುತ್ತಿದ್ದರು. ಕಾಕು ಮಾತ್ರ ಓದುತ್ತಿರಲಿಲ್ಲ. ಅಕ್ಷರ ಬರುತ್ತಿರಲಿಲ್ಲ ಅಂತಲ್ಲ, ಕನ್ನಡ, ಮರಾಠಿ ಎರಡನ್ನೂ ಚೆನ್ನಾಗಿ ಓದುವವರು. ಆದರೂ ಪತ್ರಿಕೆ ಕೈಗೆ ಬಂದ ಕೂಡಲೇ ಗಣಪತಿಯನ್ನು ಕತ್ತರಿಸಿ, ಉಳಿದದ್ದನ್ನು ಮಣೆಯ ಮೇಲೆ ಬೋರಲು ಹಾಕುತ್ತಿದ್ದರು. ಯಾಕೆ ಎಂದು ಒಂದು ದಿನ ಕೇಳಿದೆ.

"ಓದಾಕ ಹೋದ್ರ ಕೆಲಸಾ ಕೆಡ್ತದ. ಇವರ ಲಗ್ನದಾಗ ಬುಂದಿ ಛಲೋ ಆಗಿತ್ತು ಅಂತ ಒಂದು. ಅಯ್ಯ, ಈ ಮನಷ್ಯಾ ಹೋಗೇಬಿಟ್ನಲ್ಲಾ ಅಂತ ಇನ್ನೊಂದು. ಇವರಿಗೂ ನಮಗೂ ಈಗ ಮಾತಿಲ್ಲ ಅಂತ ಮತ್ತೊಂದು. ಹಿಂಗ ಅಳಕೋತ ನಕ್ಕೋತ ಕುಂತ್ರ ಡಿಶ್ ಯಾವಾಗ ಆಗಬೇಕು?"

ಮಾತು ಸರಿಯೇ ಅನ್ನಿಸಿತ್ತು ಆಗ.

ಎರಡನೇ ಮಹಡಿಯಲ್ಲಿ ವೈನಿ ಇದ್ದಾರೆ. ಇಡೀ ಬಿಲ್ಡಿಂಗೇ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತದೆ. ವಿಜಾಪುರದವರು, ಕಾಕು ಅವರಿಗೆ ತಂಗಿಯ ಸಮ. ಅವರ ಒಬ್ಬಳೇ ಮಗಳು ಪಲ್ಲವಿಯನ್ನು ಸೋಲಾಪುರಕ್ಕೆ ಕೊಟ್ಟಿದ್ದರು. ಆ ಮದುವೆ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಅನ್ನುವುದು ಇಲ್ಲಿ ಬೇಡ. ಯಾರಾದರೂ ಕೆದಕಿದರೆ ಕಾಕು "ನಿನಗ್ಯಾಕ ಬೇಕು ಅದು?" ಎಂದು ಬಾಯಿ ಮುಚ್ಚಿಸುತ್ತಿದ್ದರು, ನಾನೂ ಹಾಗೆಯೇ ಮುಚ್ಚುತ್ತೇನೆ. ಪಲ್ಲವಿ ತವರಿಗೆ ವಾಪಸು ಬಂದಳು, ಒಂದು ಪೆಥಾಲಜಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ತಲೆ ತಗ್ಗಿಸಿ ಇಳಿಯುವುದು, ಸಂಜೆ ತಲೆ ತಗ್ಗಿಸಿ ಹತ್ತುವುದು. ಗಣಪತಿಗೆ ಬರಲಿಲ್ಲ, ನವರಾತ್ರಿಗೆ ಬರಲಿಲ್ಲ. ಲಿಫ್ಟಿನಲ್ಲಿ ಜನ ಇದ್ದರೆ ಮೆಟ್ಟಿಲು ಹತ್ತುತ್ತಿದ್ದಳು. ಚಿಕ್ಕಂದಿನಲ್ಲಿ ಇಡೀ ಬಿಲ್ಡಿಂಗನ್ನು ಕುಣಿಸಿದ ಹುಡುಗಿ ಅದು.

ಅವಳನ್ನು ಕೆಳಗೆ ನಾಲ್ಕು ಜನರ ನಡುವೆ ತರಲೇಬೇಕು ಅಂತ ಕಾಕು ಹಟ ತೊಟ್ಟರು. ಪ್ರತಿ ವರ್ಷ ದೀಪಾವಳಿ ಮುಗಿದ ಭಾನುವಾರ ಸಂಜೆ ಹಾಲ್‌ನಲ್ಲಿ ಎಲ್ಲರ ಮನೆಯ ಫರಾಳದ ತಿಂಡಿಗಳನ್ನು ಸೇರಿಸಿ ಒಟ್ಟಿಗೆ ತಿನ್ನುವ ರೂಢಿ ನಮ್ಮಲ್ಲಿದೆ. ಚೂಡಾ, ಶಂಕರಪಾಳಿ, ಚಕ್ಕುಲಿ, ಕರ್ಚಿಕಾಯಿ ಎಲ್ಲ ಬರುತ್ತವೆ. ಕಾಕು ದಿನಾ ಎರಡನೇ ಮಹಡಿಗೆ ಹೋದರು. ಮೊದಲು ಚೂಡಾದ ಉಪ್ಪು ನೋಡು ಅಂದರು. ಆಮೇಲೆ ಕರ್ಚಿಕಾಯಿಯ ಅಂಚು ನೀನೇ ಕತ್ತರಿಸಿಕೊಡು ಅಂದರು. ಕಡೆಗೆ, "ಪಲ್ಲೂ, ನೀ ಮಾಡಿದ್ದು ನೀನ ಕೈಯಾರೆ ಹಂಚಬೇಕು. ನಾ ಏನ್ ನಿನ್ನ ಆಳು ಅಲ್ಲ" ಎಂದು ಗದರಿಸಿದರು. ಹುಡುಗಿ ನಕ್ಕಳಂತೆ. ಬರ್ತೀನ್ರಿ ಅಂದಳಂತೆ. ಆ ಸುದ್ದಿ ಹೇಳಲು ಕಾಕು ಆಫೀಸಿನಿಂದ ಬರುವ ನನ್ನನ್ನು ಗೇಟಿನಲ್ಲೇ ಹಿಡಿದಿದ್ದರು.

ಆ ಸಂಜೆಗೆ ಎಲ್ಲರ ಕೈಯಲ್ಲೂ ಒಂದೇ ಬಣ್ಣದ ಡಿಶ್ಶು ಇರಬೇಕು ಎಂಬುದು ಕಾಕು ಅವರ ಆಸೆ. ಅಷ್ಟು ಒಂದೇ ಬಣ್ಣದ ಕಾಗದ ಎಲ್ಲಿ ಸಿಗಬೇಕು? ಮಂಚದ ಕೆಳಗೆ ಹಳೆಯದೊಂದು ಕಟ್ಟು ಸಿಕ್ಕಿತು. ಯಾರದೋ ಮದುವೆಯಲ್ಲಿ ಹಂಚಿ ಉಳಿದ ಪತ್ರಿಕೆಗಳು, ಕಡು ಕೆಂಪು, ಬಂಗಾರದ ಅಂಚು, ಒಂದೂ ಮುಕ್ಕಾಗಿರಲಿಲ್ಲ. ಪದ್ಧತಿಯ ಹಾಗೆ ಗಣಪತಿಯನ್ನು ಕತ್ತರಿಸಿದರು, ಬೋರಲು ಹಾಕಿದರು, ಮಡಚಿದರು. ನಾಲ್ಕು ಹೊಟ್ಟೆಯ ಡಿಶ್ಶು, ಖಾರ ಒಂದು ಕಡೆ, ಸಿಹಿ ಒಂದು ಕಡೆ, ಒಂದಕ್ಕೊಂದು ತಾಗಬಾರದು.

ನಾನು ಹಾಲ್‌ಗೆ ಹೋಗುವಷ್ಟರಲ್ಲಿ ಎಲ್ಲರ ಕೈಯಲ್ಲಿ ಡಿಶ್ಶು ಇತ್ತು. ಪಲ್ಲವಿ ತಿಳಿ ಹಸಿರು ಸೀರೆ ಉಟ್ಟು ಕರ್ಚಿಕಾಯಿ ಹಂಚಿ ಬಂದು ನನ್ನ ಪಕ್ಕ ಕುಳಿತಳು. ವೈನಿ ಒಳಗೆ ಚಹಾ ಸೋಸುತ್ತಿದ್ದರು. ಚೇರ್ಮನ್ನರ ಹೆಂಡತಿ ಹೂರಣದಲ್ಲಿ ಏನು ಹಾಕಿದ್ದೀ ಎಂದು ಕೇಳಿದರು, ಇವಳು ಕೈ ತಿರುಗಿಸುತ್ತ ಹೇಳಿದಳು. ಗಸಗಸೆ ಹುರಿಯುವಾಗ ಹೇಗೆ ಸೀದು ಹೋಯಿತು ಅಂತ ಹೇಳುತ್ತ ತಾನೇ ನಕ್ಕಳು. ಎದುರು ಗೋಡೆಗೆ ಒರಗಿ ನಿಂತಿದ್ದ ಕಾಕು ನನ್ನತ್ತ ನೋಡಿ ಹುಬ್ಬು ಹಾರಿಸಿದರು, ನೋಡಿದಿಯಾ ಅಂತ.

ತಿಂದು ಮುಗಿಸಿ ಪಲ್ಲವಿ ಬಟರ್ ಪೇಪರ್ ತೆಗೆದಳು. ಎಲ್ಲರೂ ಮಾಡುವ ಹಾಗೆ ಡಿಶ್ಶಿನ ಒಂದೊಂದೇ ಮಡಿಕೆ ಬಿಚ್ಚಿದಳು. ನನಗೂ ಕಾಣಿಸಿತು, ಕನ್ನಡದಲ್ಲೂ ಮರಾಠಿಯಲ್ಲೂ. 'ನಮ್ಮ ಸುಪುತ್ರಿ ಚಿ. ಕುಂ. ಸೌ. ಪಲ್ಲವಿ.' ಕೆಳಗೆ ಅವನ ಹೆಸರು, ಅದರ ಮೇಲೆ ಚೂಡಾದ ಎಣ್ಣೆಯ ಕಲೆ. ನನ್ನ ಕೈಯಲ್ಲಿದ್ದದ್ದೂ ಅದೇ ಕೆಂಪು. ಎಲ್ಲರ ಕೈಯಲ್ಲಿದ್ದದ್ದೂ ಅದೇ. ಪಲ್ಲವಿಯ ತುಟಿ ಒಂದಿಷ್ಟು ಅಲುಗಿತು. ಅಳುತ್ತಾಳೋ ಏನೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ, ಹೇಗಾಗಿದೆ ಎಂದು ಕೇಳಲು ಬಂದ ಕಾಕು ಅವಳ ಭುಜದ ಮೇಲಿಂದ ಬಗ್ಗಿ ನೋಡಿದರು. ಆ ಮುಖ ನನಗೆ ಮರೆಯುವುದಿಲ್ಲ. ಮರುಕ್ಷಣ, "ತಿನಬ್ಯಾಡ್ರಿ! ಕೊಡ್ರಿ ಇಲ್ಲೆ, ಎಲ್ಲಾರೂ ಕೊಡ್ರಿ!" ಎಂದು ನನ್ನ ಕೈಯಿಂದ ಕಸಿದುಕೊಂಡರು. ಚೇರ್ಮನ್ನರ ಕೈಯಿಂದ ಕಸಿದುಕೊಂಡರು. ಮಕ್ಕಳ ಕೈಯಿಂದಲೂ. ಚೂಡಾ ನೆಲಕ್ಕೆಲ್ಲ ಚೆಲ್ಲಿತು. "ಕಾಕೂ, ಕಾಯ್ ಝಾಲಂ?" ಏನಾಯಿತು ಎಂದು ಹೆಂಗಸರು ಗಾಬರಿಯಾಗಿ ಎದ್ದರು. ಎಣ್ಣೆ ಕೆಟ್ಟಿದೆಯೆಂದು ತಿಳಿದು ಒಬ್ಬರು ಬಾಯಲ್ಲಿದ್ದದ್ದನ್ನು ಉಗುಳಿದರು. ಇನ್ನೊಬ್ಬರು, ಅಂಥಾದ್ದು ಏನಿದೆ ಎಂದು ತಮ್ಮ ಡಿಶ್ಶನ್ನು ಬಿಚ್ಚಿ ನೋಡಿದರು. ಓದಿದರು. ಪಕ್ಕದವರಿಗೆ ತೋರಿಸಿದರು. ಒಬ್ಬೊಬ್ಬರಾಗಿ ಇಡೀ ಹಾಲ್ ಪಲ್ಲವಿಯ ಕಡೆ ತಿರುಗಿತು.

ಅವಳು ಎದ್ದು ಮೇಲೆ ಹೋದಳು. ಚಹಾ ಕಿಟ್ಲಿ ಹಿಡಿದು ಬಂದ ವೈನಿಗೆ ವಿಷಯ ತಿಳಿಯಲು ಹೊತ್ತು ಹಿಡಿಯಲಿಲ್ಲ. ಮದುವೆಯಲ್ಲಿ ಉಳಿದ ಆ ಕಟ್ಟನ್ನು ಎಷ್ಟೋ ಹಿಂದೆ, ಎಲ್ಲ ಸರಿಯಿದ್ದಾಗ, ಅವರೇ ಕಾಕು ಅವರಿಗೆ ಕೊಟ್ಟಿದ್ದರು. ಕಿಟ್ಲಿ ಕೆಳಗಿಟ್ಟು, "ನಮ್ಮ ಮನಿ ಮಾನಾ ಚೂಡಾದಾಗ ಕಲಸಿ ಹಂಚಿದಿರಲ್ಲಾ ಕಾಕು" ಎಂದಷ್ಟೇ ಅಂದು ಹೋದರು.

ಆಮೇಲೆ ಕಾಕು ಕೆಳಗೆ ಇಳಿಯಲಿಲ್ಲ. ಮಣೆ ಗೋಡೆಗೆ ಆನಿಸಿತ್ತು. ಅತ್ತೆಯವರು ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ಸೊಸೆ ನನಗೆ ಫೋನ್ ಮಾಡಿದಳು. ಹೋಗಿ ಕುಳಿತರೆ ಬೈಯಲೂ ಇಲ್ಲ. ನನಗೆ ಅದೇ ಹೆದರಿಕೆಯಾಯಿತು. ಒಂದು ಬೆಳಿಗ್ಗೆ ತಾವೇ ನಮ್ಮ ಬಾಗಿಲಿಗೆ ಬಂದು, "ನನ್ನ ಜೋಡಿ ಬಾ" ಎಂದರು. ಇಬ್ಬರೂ ಎರಡನೇ ಮಹಡಿಗೆ ಹೋದೆವು. ವೈನಿ ಒಳಬಾಗಿಲು ತೆರೆದರು, ಹೊರಗಿನ ಗ್ರಿಲ್ ತೆರೆಯಲಿಲ್ಲ.

"ವೈನಿ, ನಾ ಓದಲಿಲ್ಲವಾ. ತಪ್ಪಾತು."

ಅವರ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ವೈನಿಯ ಕಣ್ಣು ತುಂಬಿತು, ಆದರೆ ಮಾತು ಮಣಿಯಲಿಲ್ಲ. "ತಪ್ಪಾತು ಅಂದ್ರ ಆತೇನ್ರಿ? ಎಷ್ಟ ದಿನದ ಮ್ಯಾಲೆ ಹೊರಗ ಬಂದಿತ್ತು ನನ್ನ ಕೂಸು."

ಕಾಕು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಎಬ್ಬಿಸಲು ಹೋದ ನನ್ನ ಕೈಯನ್ನು ತಳ್ಳಿದರು. ಆಗ ಲ್ಯಾಬಿಗೆ ಹೊರಟ ಪಲ್ಲವಿ ಚೀಲ ಹೆಗಲಿಗೇರಿಸಿ ಬಂದು ಗ್ರಿಲ್ ತೆರೆದಳು, ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

"ಕಾಕು, ಅದನ್ನ ಬಿಚ್ಚಿದಾಗ ನನಗೇನಾತು ಗೊತ್ತೇನ್ರಿ? ನಗು ಬಂತು. ಆ ಕಾರ್ಡಿನ ಸಲುವಾಗಿ ಅಪ್ಪಾ ಎಷ್ಟು ಅಡ್ಡಾಡಿದ್ರು, ಎಷ್ಟು ಬಣ್ಣಾ ನೋಡಿದ್ವಿ. ಕಡೀಕ ಚೂಡಾ ತಿನ್ನಾಕರ ಬಂತಲ್ಲಾ ಅಂತ ನಗು ಬಂತು. ಬಾಜೂಕ ಕುಂತ ಈ ಅಕ್ಕಾಗ ತೋರಸಬೇಕಂತ ಈ ಕಡೆ ತಿರಗೂದರಾಗ ನೀವು ಎಲ್ಲಾರ ಕೈಯಾಗಿಂದು ಕಸಗೊಳ್ಳಾಕ ಹತ್ತಿದ್ರಿ. ಅಲ್ಲೀ ತನಕಾ ಯಾರಿಗೂ ಗೊತ್ತಿರಲಿಲ್ರಿ. ಎಲ್ಲಾರೂ ತಿನ್ನಾಕತ್ತಿದ್ರು, ನಾನೂ ತಿನ್ನಾಕತ್ತಿದ್ದೆ. ನೀವು ಕಸಗೊಂಡ ಮ್ಯಾಲೆ ಎಲ್ಲಾರೂ ನನ್ನ ಮಾರಿ ನೋಡಿದ್ರು."

ಕಾಕು ಸೆರಗಿನ ತುದಿಯನ್ನು ಮಡಚಿ ಉಗುರಿನಿಂದ ಗೆರೆ ಎಳೆದರು.

"ಮನಿಯಾಗೂ ಹಿಂಗ ಅದ. ಟಿವಿಯೊಳಗ ಲಗ್ನದ್ದು ಬಂದ್ರ ಅವ್ವಾ ರಿಮೋಟ್ ಕಸಗೋತಾಳ. ಆವಾಗ ನೆನಪಾಗ್ತದ ನನಗ, ಓಹೋ, ನಂದು ಮುರದದ ಅಂತ."

ಗ್ರಿಲ್ಲಿನ ಒಳಗೆ ನಿಂತಿದ್ದ ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಕು ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ, "ಆ ಕಟ್ಟಿನಾಗ ಇನ್ನಾ ಉಳದಾವು. ಏನ್ ಮಾಡ್ಲಿ?" ಎಂದು ಕೇಳಿದರು.

"ತುಳಸಿ ಲಗ್ನಕ್ಕ ಮಡಚ್ರಿ. ಚುರಮುರಿ ಹಂಚೂಣು. ಆದ್ರ ಈ ಸಲ ಹೆಸರು ಹೊರಗ ಬರಲಿ."

"ಹೊರಗಿಟ್ರ ಬಂಗಾರದ ಅಂಚು ಒಳಗ ಹೋಗ್ತದಲ್ಲಾ!" ಎಂದು ಕಾಕು ಥಟ್ಟನೆ ತಲೆಯೆತ್ತಿದರು. ಅಂಥ ಹೊತ್ತಿನಲ್ಲೂ ಅಂಚಿನ ಚಿಂತೆ. ನನಗೆ ನಗು ತಡೆಯಲಾಗಲಿಲ್ಲ.

"ಹೋಗ್ಲಿ ಬಿಡ್ರಿ" ಎಂದು ಹೇಳಿ ಪಲ್ಲವಿ ಕೆಲಸಕ್ಕೆ ಹೋದಳು.

ಮಡಚುವಾಗ ನಾನೂ ಇದ್ದೆ. ಪಲ್ಲವಿ ಲ್ಯಾಬಿನಿಂದ ನೇರವಾಗಿ ಮೂರನೇ ಮಹಡಿಗೆ ಬಂದು ಗಣಪತಿಗಳನ್ನು ಕತ್ತರಿಸಿ ಕೊಡುತ್ತಿದ್ದಳು. ಕಾಕು ಕಾಗದವನ್ನು ಅಭ್ಯಾಸಬಲದಿಂದ ಬೋರಲು ಹಾಕುವುದು, ನೆನಪಾಗಿ ಅಂಗಾತ ಮಾಡುವುದು. ಹೀಗೆ ಅವರಿಗೆ ಪ್ರತಿಯೊಂದರಲ್ಲೂ ಆ ಹೆಸರನ್ನು ಓದಬೇಕಾಯಿತು. ಕೈ ಮೊದಲಿನ ಹಾಗೆ ಓಡಲಿಲ್ಲ. ನಡುನಡುವೆ ನಿಂತು ಕನ್ನಡಕ ಒರೆಸಿಕೊಂಡರು. ಡಿಶ್ಶುಗಳು, ನಿಜ ಹೇಳಬೇಕೆಂದರೆ, ಅಷ್ಟೇನೂ ಚೆಂದ ಆಗಲಿಲ್ಲ.

ತುಳಸಿ ಲಗ್ನದ ಸಂಜೆ ಅಂಗಳದ ವೃಂದಾವನಕ್ಕೆ ಕಬ್ಬಿನ ಮಂಟಪ ಕಟ್ಟಿದ್ದರು. ಅಂತರಪಟ ಹಿಡಿದರು, ಮಂಗಳಾಷ್ಟಕ ಹೇಳಿದರು, ಎಲ್ಲರೂ ಅಕ್ಷತೆ ಹಾಕಿದೆವು. ಆಮೇಲೆ ಪಲ್ಲವಿ ಚುರಮುರಿ ತುಂಬಿದ ಡಿಶ್ಶುಗಳ ತಾಟು ಹಿಡಿದು ಹಂಚಲು ಹೊರಟಳು. ಮೊದಲ ಸಾಲಿನಲ್ಲಿದ್ದ ಚೇರ್ಮನ್ನರ ಹೆಂಡತಿ ಡಿಶ್ಶಿನ ಮೇಲಿನ ಅಕ್ಷರ ನೋಡಿ ತಡವರಿಸಿದರು.

"ಹೀ ತುಝೀಚ್ ಪತ್ರಿಕಾ ಕಾ ಗ?"

"ಹೋ, ಮಾಝೀಚ್" ಎಂದಳು ಪಲ್ಲವಿ. ನನ್ನದೇ.

ಕಾಗದ ಮಾತ್ರ ಬಹಳ ಚೆನ್ನಾಗಿದೆ ಎಂದರು ಅವರು. ಪಲ್ಲವಿ ಜೋರಾಗಿ ನಕ್ಕಳು. ಅವರೂ ನಕ್ಕರು. ಅಲ್ಲಿಂದ ಮುಂದೆ ಯಾರೂ ತಡವರಿಸಲಿಲ್ಲ, ಕೈ ಚಾಚಿ ತೆಗೆದುಕೊಂಡರು, ಶೇಂಗಾ ಜಾಸ್ತಿ ಇರುವುದು ಕೊಡು ಅಂತ ಕೇಳಿದವರೂ ಇದ್ದರು.

ಕಡೆಗೆ ಅವಳು ತಾಯಿಯ ಮುಂದೆ ನಿಂತಳು. ವೈನಿ ಕಾಕು ಅವರ ಪಕ್ಕದಲ್ಲೇ ಕುಳಿತಿದ್ದರು. ಡಿಶ್ಶನ್ನು ಕೈಗೆ ತೆಗೆದುಕೊಂಡರು, ಮಗಳ ಹೆಸರಿನ ಮೇಲೆ ಅವರ ಕಣ್ಣು ನಿಂತಿತು, ಡಿಶ್ಶು ವಾಲಿ ಒಂದೆರಡು ಚುರಮುರಿ ಮಡಿಲಿಗೆ ಬಿದ್ದವು. ಕಾಕು ಅವರ ಕೈ ಮೇಲೆದ್ದದ್ದನ್ನು ನಾನು ನೋಡಿದೆ. ಡಿಶ್ಶಿನ ಹತ್ತಿರದವರೆಗೂ ಹೋಯಿತು. ಅಲ್ಲಿಯೇ ನಿಂತಿತು. ಆಮೇಲೆ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ತಮ್ಮ ತೊಡೆಯ ಮೇಲೆ ಗಟ್ಟಿಯಾಗಿ ಒತ್ತಿಕೊಂಡು, ಬೇರೆ ಕಡೆ ನೋಡುತ್ತ ಕುಳಿತರು.

"ತಿನ್ನ ಅವ್ವಾ," ಎಂದಳು ಪಲ್ಲವಿ, "ಚುರಮುರಿ ಮೆತ್ತಗಾಗ್ತಾವ."

ವೈನಿ ತಿಂದರು.